ಆನೆ ಇಲ್ಲದ ಫೋಟೊ

ಶರದೃತುವಿನಲ್ಲಿ ಮೈಸೂರಿನಲ್ಲಿದ್ದುಕೊಂಡು ಆನೆ ಇಲ್ಲದ ಫೋಟೊ ತೆಗೆಯುವುದು ಹೇಳಿದಷ್ಟು ಸುಲಭವಲ್ಲ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣದ ಪೂಜೆ ಮುಗಿಸಿಕೊಂಡು ದಸರಾ ಆನೆಗಳು ಅರಮನೆ ಆವರಣ ಸೇರಿದವೆಂದರೆ ಆಯಿತು, ಅಲ್ಲಿಂದಾಚೆ ಊರಿಗೆ ಊರೇ ಅವುಗಳ ಹಿಂದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅರಮನೆಯಿಂದ ಬನ್ನಿಮಂಟಪದವರೆಗೆ ತಾಲೀಮು. 750 ಕೆ.ಜಿ. ಅಂಬಾರಿ ಹೊರಬೇಕಾದ ಬೆನ್ನಿಗೆ ಮೊದಲು ಮರಳಿನ ಮೂಟೆ ಕಟ್ಟಿ ಅಭ್ಯಾಸ ಮಾಡಿಸುತ್ತಾರೆ. ಬ್ಯಾಂಕಿಗೆ ಹೊರಟವರು, ಮಗುವನ್ನು ಸ್ಕೂಲಿಗೆ ಬಿಡಲು ಹೊರಟವರು, ಮೊಸರು ತರಲು ಹೊರಟವರು ಎಲ್ಲರೂ ಸ್ಕೂಟರ್ ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಊರಿ, ಮೊಬೈಲ್ ಎತ್ತಿ ಹಿಡಿಯುತ್ತಾರೆ. ಮಗು ತಡವಾಗಿ ಬಂದರೆ ಟೀಚರೂ ಏನೂ ಅನ್ನುವುದಿಲ್ಲ. ಅವರೂ ಅಲ್ಲೇ ನಿಂತು ಈಗ ತಾನೆ ಬಂದಿರುತ್ತಾರೆ. ಆನೆಯ ಕಿವಿ, ಆನೆಯ ಬಾಲ, ಆನೆಯ ಸ್ನಾನ, ಆನೆ ತಿನ್ನುವ ಕುಸರೆ. ಊರಿನ ಅಷ್ಟೂ ಫೋನುಗಳನ್ನು ಒಟ್ಟು ಸೇರಿಸಿದರೆ ಕಾಡಿನಲ್ಲಿರುವುದಕ್ಕಿಂತ ಹೆಚ್ಚು ಆನೆ ಸಿಕ್ಕಾವು.

ಹಾಗಾಗಿ ದಿನಕ್ಕೊಂದು ಫೋಟೊ ತೆಗೆದು ಕೂಡಿಡುತ್ತೇನೆಂದು ನಾನು ಸಂಕಲ್ಪ ಮಾಡಿದಾಗ ಹಾಕಿಕೊಂಡ ಮೊದಲ ಕಟ್ಟಳೆ, ಆನೆ ಕೂಡದು. ದೀಪ ಹಚ್ಚಿದ ಅರಮನೆಯೂ ಕೂಡದು. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಉರಿಸಿಕೊಂಡು ನಿಂತ ಕಟ್ಟಡಕ್ಕೆ ನನ್ನ ಹಂಗಿಲ್ಲ. ಆಮೇಲೆ, ಫೋಟೊಗೆ ಮುಂಚೆ ಏನನ್ನೂ ಎತ್ತಿಡುವಂತಿಲ್ಲ, ಒರೆಸುವಂತಿಲ್ಲ, ಯಾರೂ ‘ಸ್ವಲ್ಪ ಇರು, ಸೀರೆ ಬದಲಾಯಿಸಿ ಬರ್ತೀನಿ’ ಅನ್ನುವಂತಿಲ್ಲ. ಇದ್ದದ್ದು ಇದ್ದ ಹಾಗೆ, ದಿನಕ್ಕೆ ಒಂದೇ ಒಂದು.

ಸಂಕಲ್ಪಕ್ಕೆ ಕಾರಣ ಅಮೆರಿಕದಲ್ಲಿರುವ ಮಗಳು. ಅವಳಿರುವ ಮ್ಯಾಸಚೂಸೆಟ್ಸಿನಲ್ಲಿ ಅಕ್ಟೋಬರ್ ಬಂತೆಂದರೆ ಮೇಪಲ್ ಮರಗಳು ಕೆಂಪಾಗುತ್ತವೆ. ದಿನ ಬೆಳಗಾದರೆ ನಮ್ಮ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಎಲೆ. ಮನೆ ಮುಂದಿನ ಎಲೆ, ಆಫೀಸಿನ ದಾರಿಯ ಎಲೆ, ಕಾರಿನ ಗಾಜಿಗೆ ಅಂಟಿದ ಎಲೆ, ಎಲೆಯ ರಾಶಿಯಲ್ಲಿ ಕುತ್ತಿಗೆಯವರೆಗೆ ಹೂತುಕೊಂಡ ಮೊಮ್ಮಗ. ನನ್ನ ತಮ್ಮ ಪ್ರತಿ ಎಲೆಗೂ ಕೈಮುಗಿಯುವ ಚಿತ್ರ ಹಾಕುತ್ತಾನೆ. ಅವನಿಗೆ ಬರುವುದು ಅದೊಂದೇ. ಗೃಹಪ್ರವೇಶಕ್ಕೂ ಅದೇ, ಸಾವಿನ ಸುದ್ದಿಗೂ ಅದೇ. “ಪಾಪ ಅಮ್ಮ, ನಿಮ್ಮಲ್ಲಿ ಫಾಲ್ ಕಲರ್ಸೇ ಇಲ್ವಲ್ಲ” ಅಂದಳು ಮಗಳು ಒಂದು ಭಾನುವಾರ. ಆ ‘ಪಾಪ’ ನನಗೆ ನಾಟಿತು.

ನಮ್ಮಲ್ಲೂ ಎಲೆ ಉದುರುತ್ತದೆ, ಅದಕ್ಕೆ ಶಿಶಿರ ಬರಬೇಕು. ಅವಳ ಮೇಪಲ್ಲು ಚಳಿಗೂ ಕುಗ್ಗುವ ಹಗಲಿಗೂ ಎಲೆ ಉದುರಿಸುತ್ತದೆ. ನಮ್ಮ ಒಣಕಾಡಿನ ಮರಗಳು ನೀರು ಸಾಲುವುದಿಲ್ಲವೆಂದು ಲೆಕ್ಕ ಹಾಕಿ ಉದುರಿಸುತ್ತವೆ. ಆಶ್ವಯುಜ ಕಾರ್ತಿಕದಲ್ಲಿ ಮುಂಗಾರಿನ ನೀರು ಇನ್ನೂ ಬೇರಿನಲ್ಲಿದೆ, ಹಿಂಗಾರು ತಲೆಯ ಮೇಲಿದೆ, ಎಲೆ ಉದುರಿಸಲು ಅವಕ್ಕೇನು ಗ್ರಹಚಾರ? ಬಣ್ಣ ಬೇಕಾದವರು ಮರ ಬಿಟ್ಟು ಕೆಳಗೆ ನೋಡಬೇಕು. ಹುಣಸೂರಿನ ಕಡೆ ಬಸ್ಸಿನಲ್ಲಿ ಹೊರಟರೆ ರಾಗಿ ಹೊಲದ ನಡುನಡುವೆ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹಳದಿಯಾಗಿ ಹೂಬಿಟ್ಟಿರುತ್ತದೆ. ಕಾರ್ತಿಕ ಮುಗಿಯುತ್ತಾ ಬಂದ ಹಾಗೆ ರಾಗಿಯ ತೆನೆ ಕಂದಿಗೆ ತಿರುಗುತ್ತದೆ, ಹೊಲಕ್ಕೆ ಹೊಲವೇ. ಅದನ್ನು ನೋಡಲು ಯಾರೂ ಬಸ್ಸು ಮಾಡಿಕೊಂಡು ಹೋಗುವುದಿಲ್ಲ, ಹೋಟೆಲು ಕಟ್ಟಿಲ್ಲ, ಅಷ್ಟೇ ವ್ಯತ್ಯಾಸ. ಇನ್ನು ದೇವರಾಜ ಮಾರುಕಟ್ಟೆಯಲ್ಲಿ ಸೇವಂತಿಗೆ. ಹೂವಿನವರು ಬುಟ್ಟಿಯ ಹಿಂದೆ ಕೂತಿರುತ್ತಾರೋ ಬುಟ್ಟಿಯೊಳಗೆ ಕೂತಿರುತ್ತಾರೋ ತಿಳಿಯುವುದಿಲ್ಲ. ಮಗಳಿಗೆ ಇದನ್ನೆಲ್ಲ ಬಾಯಲ್ಲಿ ಹೇಳಿದೆ. “ಹೂಂ ಅಮ್ಮ” ಅಂದಳು. ಆ ‘ಹೂಂ’ ಯಾವ ಜಾತಿಯದೆಂದು ಹೆತ್ತವರಿಗೆ ಗೊತ್ತಿರುತ್ತದೆ. ಮರುದಿನವೇ ಶುರು ಮಾಡಿದೆ.

ಶುರುವಾದ ಮೇಲೆ ಗೊತ್ತಾಯಿತು, ಫೋಟೊ ತೆಗೆಯುವುದಕ್ಕಿಂತ ತೆಗೆಯಲು ಏನಾದರೂ ಸಿಗುವುದು ಕಷ್ಟ. ಮನೆಯೊಳಗೆ ಸುತ್ತಿದೆ. ಗ್ಯಾಸ್ ಸಿಲಿಂಡರ್ ಇತ್ತು, ಅದನ್ನು ತೆಗೆದೆ. ಮಾರನೆಯ ದಿನ ಹಿತ್ತಲ ಒಗೆಯುವ ಕಲ್ಲು. ಅದರ ಮಾರನೆಯ ದಿನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಲಿನ ಲೆಕ್ಕ. ನಮ್ಮ ಮನೆಯವರು ಮೊದಲ ವಾರ ಪೂರ್ತಿ ನನ್ನ ಬಗ್ಗೆ ಚಿಂತೆಯಲ್ಲಿದ್ದರು. ಎರಡನೆಯ ವಾರದ ಹೊತ್ತಿಗೆ ಅವರಲ್ಲಿ ಬೇರೆ ಬದಲಾವಣೆ ಕಾಣಿಸಿತು: ಬೆಳಿಗ್ಗೆ ಪೇಪರ್ ಓದಲು ಕೂರುವಾಗ ಇಸ್ತ್ರಿ ಮಾಡಿದ ಶರಟು, ಎಡಗೆನ್ನೆಗೆ ಬೆಳಕು ಬೀಳುವ ಹಾಗೆ ಕಿಟಕಿಯ ಪಕ್ಕಕ್ಕೆ ಕುರ್ಚಿ. ಪೇಪರಿನ ಒಂದೇ ಪುಟ ಎಷ್ಟೋ ಹೊತ್ತು ತಿರುಗದೆ ಹಾಗೇ ಇರುತ್ತಿತ್ತು. “ಇವತ್ತಿನದು ಆಯ್ತಾ?” ಎಂದು ಪೇಪರಿನ ಹಿಂದಿನಿಂದ ಕೇಳುವರು. “ಆಯ್ತು, ಹಿತ್ತಲ ನಲ್ಲಿ” ಅನ್ನುವೆ. ನಿವೃತ್ತರಾದ ಗಂಡಸರನ್ನು ನಲ್ಲಿಯ ಜೊತೆ ಪೈಪೋಟಿಗೆ ಬಿಡುವುದು ಧರ್ಮವಲ್ಲ, ಗೊತ್ತು. ಆದರೆ ಕಟ್ಟಳೆ ಕಟ್ಟಳೆಯೇ.

ಬೀದಿಗೆ ಇಳಿದಾಗ ಬೇರೆ ತೊಂದರೆ. ನಮ್ಮ ಊರುಗಳಲ್ಲಿ ನಡುವಯಸ್ಸು ದಾಟಿದ ಹೆಂಗಸು ಚರಂಡಿಯ ಮುಂದೆ ನಿಂತು ಫೋಟೊ ತೆಗೆದರೆ ಅದಕ್ಕೆ ಒಂದೇ ಅರ್ಥ, ದೂರು. ಕಸದ ಆಟೊದ ಹುಡುಗ ಹಾಡು ನಿಲ್ಲಿಸಿ ಇಳಿದು ಬಂದ. “ಮೇಡಂ, ನಿನ್ನೇನೂ ಬಂದಿದ್ದೆ, ನಿಮ್ಮ ಗೇಟ್ ಹಾಕಿತ್ತು” ಎಂದು ಸಮಜಾಯಿಷಿ ಕೊಟ್ಟ. ಎದುರು ಸಾಲಿನಲ್ಲಿ ಮಹಡಿ ಎಬ್ಬಿಸುತ್ತಿರುವವರು, ಅವರ ಜಲ್ಲಿ ರಾಶಿಯ ಮೇಲೆ ಮಲಗಿದ್ದ ನಾಯಿಯನ್ನು ನಾನು ತೆಗೆದದ್ದಕ್ಕೆ, ಸಂಜೆ ಮೈಸೂರ್‌ಪಾಕ್ ಹಿಡಿದು ಮನೆಗೇ ಬಂದರು. ಲೋಕಾಭಿರಾಮವಾಗಿ ಮಾತಾಡಿ, ಏಳುವಾಗ ಪ್ಲಾನ್ ಪ್ರಕಾರವೇ ಕಟ್ಟುತ್ತಿದ್ದೇವೆ ಅಂದರು. ನಾಯಿಗೋಸ್ಕರ ತೆಗೆದೆ ಅಂದೆ. ಅವರು ನಕ್ಕ ರೀತಿ ನೋಡಿದರೆ ನಂಬಿದ ಹಾಗಿರಲಿಲ್ಲ. ಮೈಸೂರ್‌ಪಾಕ್ ಚೆನ್ನಾಗಿತ್ತು. ಸೊಪ್ಪಿನವಳು ಮಾತ್ರ ನೇರ: “ಪೇಪರ್ನಲ್ ಬತ್ತದಾ ತಾಯಿ? ಬರಲ್ಲ ಅಂದ್ರೆ ಅತ್ಲಾಗ್ ಸರ್ಕಳಿ, ಗಿರಾಕಿಗ್ ಮರೆ ಆಯ್ತದೆ.”

ಮೈಸೂರಿನವರೇ ಆದ ಟಿ.ಎಸ್. ಸತ್ಯನ್ ಇಂಥ ಬೀದಿಗಳಲ್ಲಿ, ಇಂಥ ಜನರ ನಡುವೆ ಜೀವಮಾನವಿಡೀ ಕ್ಯಾಮೆರಾ ಹಿಡಿದು ಓಡಾಡಿದವರು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡರು. 1977ರಲ್ಲಿ ಪದ್ಮಶ್ರೀ ಬಂತು. ದೊಡ್ಡವರ ಚಿತ್ರಗಳನ್ನೂ ತೆಗೆದಿದ್ದಾರೆ, ಆದರೆ ಅವರ ಹೆಸರು ಉಳಿದಿರುವುದು ಮಕ್ಕಳು, ಕೂಲಿಯವರು, ಸಂತೆಯವರು ಇರುವ ಚಿತ್ರಗಳಿಂದ. ಅವುಗಳಲ್ಲಿ ಯಾರ ಮುಖದಲ್ಲೂ ‘ಇವನ್ಯಾಕೆ ತೆಗೀತಿದಾನೆ’ ಅನ್ನುವ ಅನುಮಾನ ಕಾಣುವುದಿಲ್ಲ. ಅದು ಲೆನ್ಸಿನಿಂದ ಬರುವ ಗುಣವಲ್ಲ. ಸೊಪ್ಪಿನವಳ ಹತ್ತಿರ ಮೊದಲು ಸೊಪ್ಪು ಕೊಂಡು, ಚೌಕಾಸಿ ಮಾಡದೆ, ಅವಳ ಮಗಳ ಹೆರಿಗೆಯ ವಿಷಯ ಪೂರ್ತಿ ಕೇಳಿಸಿಕೊಂಡ ಮೇಲೆ ನನಗೂ ಒಂದು ಒಳ್ಳೆಯ ಚಿತ್ರ ಸಿಕ್ಕಿತು. ದಂಟಿನ ಸೊಪ್ಪು ಮೂರು ಕಟ್ಟು ಹೆಚ್ಚಾಯಿತು, ಅಷ್ಟು ಖರ್ಚು ಇದ್ದದ್ದೇ.

ದಿನಕ್ಕೊಂದರ ಈ ಹುಚ್ಚು ನನಗೆ ಮೊದಲು ಹಿಡಿದದ್ದೇನಲ್ಲ. ನ್ಯೂಯಾರ್ಕಿನಲ್ಲಿ ಜೇಮಿ ಲಿವಿಂಗ್‌ಸ್ಟನ್ ಎಂಬಾತ ಕಾಲೇಜಿನಲ್ಲಿದ್ದಾಗ, 1979ರ ಮಾರ್ಚ್ 31ರಂದು, ಒಂದು ಪೋಲರಾಯ್ಡ್ ಕ್ಯಾಮೆರಾದಲ್ಲಿ ಶುರು ಮಾಡಿದ. ತೆಗೆದ ಚಿತ್ರ ಕ್ಯಾಮೆರಾದ ಬಾಯಿಂದಲೇ ಹೊರಬಂದು ಕಣ್ಣೆದುರಿಗೆ ಮೂಡುವ ಕ್ಯಾಮೆರಾ ಅದು. ಪ್ರತಿ ಚಿತ್ರಕ್ಕೂ ದುಡ್ಡು, ಎರಡನೆಯ ಪ್ರತಿ ಇಲ್ಲ. ಸ್ನೇಹಿತರು, ಊಟದ ತಟ್ಟೆ, ಬೇಸ್‌ಬಾಲ್ ಆಟ, ಖಾಲಿ ಕೋಣೆ, ಹೀಗೆ ಹದಿನೆಂಟು ವರ್ಷಕ್ಕೂ ಮೇಲೆ ದಿನಕ್ಕೊಂದು. ಕೊನೆಕೊನೆಯವು ಆಸ್ಪತ್ರೆಯ ಹಾಸಿಗೆಯವು. 1997ರ ಅಕ್ಟೋಬರ್ 25ಕ್ಕೆ ಚಿತ್ರಗಳು ನಿಲ್ಲುತ್ತವೆ. ಅವತ್ತು ಅವನ ನಲವತ್ತೊಂದನೆಯ ಹುಟ್ಟುಹಬ್ಬ, ಸತ್ತದ್ದೂ ಅವತ್ತೇ. ನಾನು ಇದನ್ನು ಊಟದ ಹೊತ್ತಿನಲ್ಲಿ ಹೇಳಬಾರದಿತ್ತೇನೋ. ನಮ್ಮ ಮನೆಯವರು ಅನ್ನ ಕಲಸುವುದು ನಿಲ್ಲಿಸಿ, “ಅವನ ಹತ್ತಿರ ಅವನ ಅಪ್ಪಅಮ್ಮಂದು ಎಷ್ಟು ಫೋಟೊ ಇತ್ತಂತೆ?” ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಓದಿದ್ದು ನೆನಪಿಲ್ಲವೆಂದು ಸಾರು ಬಡಿಸಿದೆ.

1995ರಲ್ಲಿ ಬಂದ ‘ಸ್ಮೋಕ್’ ಎಂಬ ಇಂಗ್ಲಿಷ್ ಸಿನಿಮಾದಲ್ಲೂ ಇಂಥವನೊಬ್ಬ ಇದ್ದಾನೆ. ಪಾಲ್ ಆಸ್ಟರ್ ಬರೆದದ್ದು. ಬ್ರೂಕ್ಲಿನ್‌ನಲ್ಲಿ ಸಿಗಾರ್ ಅಂಗಡಿ ನಡೆಸುವ ಆಗಿ ಎಂಬವನು ದಿನಾ ಬೆಳಿಗ್ಗೆ ಎಂಟು ಗಂಟೆಗೆ ತನ್ನ ಅಂಗಡಿಯ ಅದೇ ಮೂಲೆಯ ಫೋಟೊ ತೆಗೆಯುತ್ತಾನೆ, ನಾಲ್ಕು ಸಾವಿರಕ್ಕೂ ಹೆಚ್ಚು. ಗೆಳೆಯನೊಬ್ಬ ಆಲ್ಬಮ್ಮನ್ನು ಸರಸರನೆ ತಿರುವಿ ಹಾಕುವಾಗ ಆಗಿ ಅವನನ್ನು ನಿಧಾನ ಮಾಡಿಸುತ್ತಾನೆ. ನಿಧಾನ ಮಾಡಿದ ಮೇಲೆ ಒಂದರಲ್ಲಿ, ಆಫೀಸಿಗೆ ಹೋಗುತ್ತಿರುವ, ಆ ಗೆಳೆಯನ ಸತ್ತ ಹೆಂಡತಿ ಕಾಣುತ್ತಾಳೆ. ಸಿನಿಮಾದ ಆ ಭಾಗ ಬಂದಾಗಲೆಲ್ಲ ನನಗೆ ನಮ್ಮ ಮಹಾಲಯ ಅಮಾವಾಸ್ಯೆ ನೆನಪಾಗುತ್ತದೆ.

ಕ್ಯಾಲೆಂಡರಿನ ಪ್ರಕಾರ ಶರದೃತು ಶುರುವಾಗುವ ಹಿಂದಿನ ದಿನ ಮಹಾಲಯ ಅಮಾವಾಸ್ಯೆ. ಮೈಸೂರು ಮಂಡ್ಯದ ಕಡೆ ಹಳ್ಳಿಗಳಲ್ಲಿ, ಊರಿನ ಎಷ್ಟೋ ಮನೆಗಳಲ್ಲಿ ಕೂಡ, ಆ ಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ಗೋಡೆಯ ಮೇಲಿನ ಫೋಟೊಗಳು ವರ್ಷಕ್ಕೊಮ್ಮೆ ಕೆಳಗೆ ಇಳಿಯುವುದು ಆಗ. ಗಾಜು ಒರೆಸಿ, ಹೂ ಮುಡಿಸಿ, ಮುಂದೆ ಹೊಸ ಪಂಚೆ ಸೀರೆ ಇಟ್ಟು, ಅವರವರಿಗೆ ಪ್ರೀತಿಯದ್ದನ್ನೆಲ್ಲ ಬಡಿಸುತ್ತಾರೆ: ಒಬ್ಬರಿಗೆ ಒಬ್ಬಟ್ಟು, ಇನ್ನೊಬ್ಬರಿಗೆ ಕೋಳಿ ಸಾರು, ಮತ್ತೊಬ್ಬರಿಗೆ ಬೀಡಿ ಕಟ್ಟು ಬೆಂಕಿಪೊಟ್ಟಣದ ಸಮೇತ. ಬಡಿಸಿದ ಮೇಲೆ ಬಾಗಿಲು ಮುಂದೆ ಮಾಡಿ ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ನಿಲ್ಲುತ್ತಾರೆ, ಒಳಗಿರುವವರು ಸಂಕೋಚವಿಲ್ಲದೆ ಉಣ್ಣಲಿ ಎಂದು.

ಆ ಫೋಟೊಗಳನ್ನು ಒಂದು ಸಲ ಹತ್ತಿರದಿಂದ ನೋಡಬೇಕು. ಬದುಕಿದ್ದಾಗ ಯಾರೂ ಅವರದ್ದೆಂದು ತೆಗೆದವಲ್ಲ. ಮನುಷ್ಯ ಹೋದ ಮೂರನೆಯ ದಿನಕ್ಕೆ ಮನೆಯವರು ಪೆಟ್ಟಿಗೆ ತಡಕಿ, ಯಾರದೋ ಮದುವೆಯ ಗುಂಪಿನ ಚಿತ್ರದಲ್ಲಿ ಹಿಂದಿನ ಸಾಲಿನ ಎಡತುದಿಯಲ್ಲಿ ಇಣುಕುತ್ತಿರುವ ತಲೆಯೊಂದನ್ನು ಹುಡುಕಿ ಸ್ಟುಡಿಯೋಗೆ ಒಯ್ಯುತ್ತಾರೆ. ಸ್ಟುಡಿಯೋದವರು ತಲೆಯನ್ನು ಮಾತ್ರ ಎತ್ತಿಕೊಂಡು ದೊಡ್ಡದು ಮಾಡಿ, ಹಿಂದೆ ನೀಲಿ ಪರದೆ ಹಾಕಿ, ಕೆಳಗೆ ಕೋಟು ಟೈ ಜೋಡಿಸಿ ಕೊಡುತ್ತಾರೆ. ಜೀವಮಾನವಿಡೀ ಪಟಾಪಟಿ ಚಡ್ಡಿ ಅಂಗವಸ್ತ್ರದಲ್ಲಿ ಕಳೆದ ಎಷ್ಟು ಮಂದಿ ಅಜ್ಜಂದಿರು ನಮ್ಮ ಗೋಡೆಗಳ ಮೇಲೆ ವಕೀಲರಾಗಿ ನಿಂತಿದ್ದಾರೋ ಲೆಕ್ಕವಿಲ್ಲ. ಪಕ್ಕದಲ್ಲಿ ನಿಂತಿದ್ದವರ ಕೈ ಅವರ ಹೆಗಲ ಮೇಲೆ ಹಾಗೇ ಉಳಿದುಬಿಟ್ಟಿರುವ ಚಿತ್ರವನ್ನೂ ನೋಡಿದ್ದೇನೆ. ಕೈ ಯಾರದೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಪ್ರತಿ ವರ್ಷ ಅದಕ್ಕೂ ಸೇರಿಸಿಯೇ ಎಡೆ.

ನಮ್ಮ ಮನೆಗೆಲಸಕ್ಕೆ ಬರುವಾಕೆಯ ಅತ್ತೆಯದು ಆಧಾರ್ ಕಾರ್ಡಿನಿಂದ ಹಿಗ್ಗಿಸಿದ ಚಿತ್ರ. ಆಧಾರಿಗೆ ಕೂರಿಸಿದಾಗ ಮುಖ ಹೇಗೆ ಬರುತ್ತದೆಂದು ನಾನೇನು ಹೇಳಬೇಕು? “ಬದುಕಿದ್ದಾಗ ಯಾರ್ಗೂ ಹೆದ್ರುದೋಳಲ್ಲ ಕಣಮ್ಮಾ, ಈಗ ನೋಡಿ, ಹೋಳಿಗೆ ಇಟ್ರೂ ಗಾಬ್ರಿಯಾಗ್ ನೋಡ್ತಾಳೆ” ಎಂದು ಪಾತ್ರೆ ತಿಕ್ಕುತ್ತಾ ನಕ್ಕಳು. ಆಮೇಲೆ ಕೈ ತೊಳೆದುಕೊಂಡು ಬಂದು, “ನಂದೊಂದ್ ತೆಗ್ದಿಡಿ ಈಗ್ಲೆ. ನಗ್ತಿರೋದು. ಮುಂದುಕ್ಕೆ ಬೇಕಾಯ್ತದೆ” ಅಂದಳು. ಅವಳಿಗಿನ್ನೂ ನಲವತ್ತು ತುಂಬಿಲ್ಲ. ಯಾರೂ ಪೋಸು ಕೊಡಬಾರದೆಂಬ ಕಟ್ಟಳೆಯನ್ನು ಅವತ್ತೊಂದು ದಿನ ಸಡಿಲಿಸಿದೆ. ನಮ್ಮ ಮನೆಯವರು ಪೇಪರ್ ಪಕ್ಕಕ್ಕಿಟ್ಟು ಎದ್ದು ಬಂದು, ಹಾಗಾದರೆ ತನ್ನದೂ ಒಂದು ಅಂದರು. ಮುಂದಕ್ಕೆ ಅಂತಲ್ಲ, ಸುಮ್ಮನೆ ಅಂತ.

ನಮ್ಮದೇ ಆಲ್ಬಮ್ಮುಗಳನ್ನೂ ಅವತ್ತು ಕೆಳಗಿಳಿಸಿದೆ. ಅಪ್ಪನ ಹತ್ತಿರ ಆಗ್ಫಾ ಕ್ಲಿಕ್ 3 ಇತ್ತು. ಒಂದು ರೋಲಿಗೆ ಹನ್ನೆರಡು ಚಿತ್ರ. ಕೆಲವೊಮ್ಮೆ ‘ಇಂದು’ ರೋಲು ಸಿಗುತ್ತಿತ್ತು, ಊಟಿಯ ಹಿಂದೂಸ್ತಾನ್ ಫೋಟೊ ಫಿಲಂಸ್‌ನವರು ಮಾಡುತ್ತಿದ್ದದ್ದು. ಗೌರಿ ಹಬ್ಬಕ್ಕೆ ಹಾಕಿದ ರೋಲು ಮುಗಿಯುವಷ್ಟರಲ್ಲಿ ಯುಗಾದಿ ಬರುವುದು. ಕೊನೆಯ ಒಂದು ಚಿತ್ರವನ್ನು ಅಪ್ಪ ‘ಇರಲಿ, ಯಾವುದಕ್ಕಾದರೂ ಬೇಕಾಗುತ್ತೆ’ ಎಂದು ಎತ್ತಿಟ್ಟಿರುತ್ತಿದ್ದರು. ಅಂಥ ಕಾಲದಲ್ಲಿ ಒಗೆಯುವ ಕಲ್ಲಿನ ಫೋಟೊ ತೆಗೆದಿದ್ದರೆ ಮನೆ ಬಿಟ್ಟು ಓಡಿಸುತ್ತಿದ್ದರು. ಹಾಗಾಗಿ ನಮ್ಮ ಆಲ್ಬಮ್ಮನ್ನು ನಂಬುವುದಾದರೆ ನಮ್ಮ ವಂಶದವರು ಹುಟ್ಟಿನಿಂದಲೇ ರೇಷ್ಮೆ ಉಟ್ಟು, ಎತ್ತರದ ಪ್ರಕಾರ ಸಾಲಾಗಿ ನಿಂತು, ಉಸಿರು ಬಿಗಿಹಿಡಿದು ಬದುಕಿದವರು. ಅಮ್ಮ ದಿನಕ್ಕೆ ಹದಿನಾರು ಗಂಟೆ ಕಳೆದ ಅಡುಗೆಮನೆಯ ಚಿತ್ರ ಒಂದೂ ಇಲ್ಲ. ಅವಳ ಸೌದೆ ಒಲೆಯ ಮೇಲಿನ ಗೋಡೆ ಎಷ್ಟು ಕಪ್ಪಗಿತ್ತು, ಉಪ್ಪಿನಕಾಯಿ ಜಾಡಿಗಳು ಎಡಕ್ಕಿದ್ದವೋ ಬಲಕ್ಕೋ ಎಂದು ನನಗೂ ತಮ್ಮನಿಗೂ ಫೋನಿನಲ್ಲಿ ಅರ್ಧ ಗಂಟೆ ಜಗಳವಾಯಿತು. ತೀರ್ಪು ಕೊಡಬೇಕಾದವರು ಇಲ್ಲ. ತಮ್ಮ ಕೊನೆಗೆ ಕೈಮುಗಿಯುವ ಚಿತ್ರ ಕಳಿಸಿದ.

ಇಷ್ಟರಲ್ಲಿ ಆಯುಧಪೂಜೆ ಬಂತು. ಈಳಿಗೆ ಮಣೆ, ಚಾಕು, ಸುತ್ತಿಗೆ, ಸ್ಕ್ರೂಡ್ರೈವರ್, ಹೊಲಿಗೆ ಯಂತ್ರ, ಮಿಕ್ಸಿ ಎಲ್ಲವನ್ನೂ ಒರೆಸಿ ಸಾಲಾಗಿ ಜೋಡಿಸಿದ ನಮ್ಮ ಮನೆಯವರು ನನ್ನ ಫೋನಿಗೂ ಕೈಚಾಚಿದರು. “ನಿನ್ನ ಆಯುಧ ಈಗ ಅದೇ ತಾನೆ?” ಇಟ್ಟೆ. ಪೂಜೆಗಿಟ್ಟ ಆಯುಧ ಅವತ್ತು ಬಳಸುವ ಹಾಗಿಲ್ಲ. ಚಿಕ್ಕಂದಿನಲ್ಲಿ ಸರಸ್ವತಿ ಪೂಜೆಗೆ ಪುಸ್ತಕಗಳನ್ನಿಟ್ಟು ಓದುವ ಹಾಗಿಲ್ಲವೆಂದಾಗ ಆಗುತ್ತಿದ್ದ ಸಂತೋಷ ಈ ಸಲ ಆಗಲಿಲ್ಲ. ಅವತ್ತಿನ ಚಿತ್ರವನ್ನು ಅವರ ಹಳೆಯ ಫೋನಿನಲ್ಲಿ ತೆಗೆದೆ: ಸ್ಕ್ರೂಡ್ರೈವರಿಗೂ ಈಳಿಗೆ ಮಣೆಗೂ ನಡುವೆ, ಸೇವಂತಿಗೆ ಮುಡಿದು ಮಲಗಿರುವ ನನ್ನ ಫೋನು. ಅವರು ಕುಂಕುಮವನ್ನು ಧಾರಾಳವಾಗಿ, ಸರಿಯಾಗಿ ಲೆನ್ಸಿನ ಮೇಲೆಯೇ ಇಟ್ಟಿದ್ದರು. ಒರೆಸಿದರೂ ಅಂಚಿನಲ್ಲಿ ಎಲ್ಲೋ ಉಳಿದುಕೊಂಡು, ಮುಂದಿನ ಕೆಲವು ದಿನ ತೆಗೆದದ್ದೆಲ್ಲ ಒಂದು ಮೂಲೆಯಿಂದ ನಸುಗೆಂಪು. ಮಗಳು ನೋಡಿ ಖುಷಿಯಾದಳು. “ಅಮ್ಮ, ನಿಮ್ಮಲ್ಲೂ ಫಾಲ್ ಕಲರ್ ಬಂತಾ!”

ಆ ನಸುಗೆಂಪಿನ ಸಾಲಿನಲ್ಲೇ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದ ಚಿತ್ರವೂ ಇದೆ. ವಿಜಯದಶಮಿಯ ಬೆಳಗಿನ ಬೀದಿ. ಹಿಂದಿನ ಸಂಜೆ ಪ್ರತಿ ಮನೆಯ ಮುಂದೆ, ಪ್ರತಿ ಅಂಗಡಿಯ ಮುಂದೆ ಒಡೆದ ಬೂದುಗುಂಬಳ ಹಾಗೇ ಬಿದ್ದಿದೆ. ಹೋಳು, ತಿರುಳು, ಬೀಜ, ಅದರ ಮೇಲೆ ಅರಿಶಿನ ಕುಂಕುಮ, ಚಕ್ರಕ್ಕೆ ಸಿಕ್ಕಿ ಚಪ್ಪಟೆಯಾದ ನಿಂಬೆಹಣ್ಣು. ಒಳಗಿದ್ದ ಚಿಲ್ಲರೆ ಕಾಸನ್ನು ಹುಡುಗರು ರಾತ್ರಿಯೇ ಆಯ್ದಾಗಿದೆ. ಒಂದು ಹಸು ಊರಿಗೆಲ್ಲ ತನ್ನದೇ ಹಬ್ಬವೆಂಬ ಹಾಗೆ ನಿಧಾನವಾಗಿ ತಿನ್ನುತ್ತಿದೆ. ಆಚೆ ಕಡೆಯಿಂದ ಇಬ್ಬರು ಪೌರಕಾರ್ಮಿಕ ಹೆಂಗಸರು ಗುಡಿಸಿಕೊಂಡು ಬರುತ್ತಿದ್ದಾರೆ. ಸಂಜೆ ಜಂಬೂಸವಾರಿ, ಲಕ್ಷಾಂತರ ಜನ ಅಂಬಾರಿಯನ್ನು ತೆಗೆಯುವವರಿದ್ದಾರೆ. ಅಂಬಾರಿ ಬರುವ ದಾರಿಯನ್ನೂ ಬೆಳಿಗ್ಗೆ ಇವರಂಥವರೇ ಗುಡಿಸಿರಬೇಕು. ಆ ಇಬ್ಬರಲ್ಲಿ ಒಬ್ಬರು ಬೆನ್ನು ನೆಟ್ಟಗೆ ಮಾಡಿಕೊಳ್ಳಲು ನಿಂತಾಗ ನಾನು ಕೇಳಿಯೇ ತೆಗೆದೆ. “ತೆಕ್ಕಳಿ, ಆದ್ರೆ ನಿಮ್ ಕುಂಬಳ್ಕಾಯ್ನ ನಾಳಿಂದ ನೀವೇ ಎತ್ತಿ” ಅಂದರು. ಎತ್ತುತ್ತೇವೆ.

ಹಬ್ಬ ಕಳೆದ ಮೇಲೆ ಊರು ತಣ್ಣಗಾಯಿತು, ಚಿತ್ತೆ ಮಳೆ ಹೋಗಿ ಸ್ವಾತಿ ಹಿಡಿಯಿತು. ಸ್ವಾತಿ ಮಳೆಯ ಹನಿ ಚಿಪ್ಪಿಗೆ ಬಿದ್ದರೆ ಮುತ್ತಾಗುತ್ತದೆಂದು ಹಿಂದಿನವರು ನಂಬಿದ್ದರು. ನಮ್ಮ ಮನೆಯಲ್ಲಿ ಅದು ಒಗೆದು ಹಾಕಿದ ಬಟ್ಟೆಗೆ ಬಿತ್ತು. ತಂತಿಯ ಮೇಲೆ ಸಾಲಾಗಿ ನಿಂತ ಹನಿಗಳನ್ನು ತೆಗೆಯುತ್ತಾ ನಾನು ಬಟ್ಟೆ ತೆಗೆಯುವುದು ಮರೆತೆನೆಂಬ ಆರೋಪ ನನ್ನ ಮೇಲಿದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗಲೆಲ್ಲ ಇಲ್ಲಿ ಎರಡು ಮೂರು ದಿನ ಸೂರ್ಯ ರಜೆ. ಆ ದಿನಗಳ ಚಿತ್ರಗಳೆಲ್ಲ ಬೂದು. ಮಳೆ ಬಿಟ್ಟ ಮಧ್ಯಾಹ್ನ ಮೈದಾನದ ಮೇಲೆ ಏರೋಪ್ಲೇನ್ ಚಿಟ್ಟೆಗಳು ಹಿಂಡು ಹಿಂಡು. ಅವನ್ನು ತೆಗೆಯಲು ನಾನು ಪಟ್ಟ ಪಾಡು ನೋಡಿ ಕ್ರಿಕೆಟ್ ಆಡುವ ಹುಡುಗರು ಆಟ ನಿಲ್ಲಿಸಿದರು. ಆ ಜಾತಿ ಕೂರುವುದೇ ಅಪರೂಪ. ಮಾಲ್ಡೀವ್ಸ್‌ನಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ 2009ರಲ್ಲಿ ಬರೆದ ಪ್ರಕಾರ ಅವು ಈ ಕಾಲದಲ್ಲೇ ಭಾರತದಿಂದ ಗಾಳಿ ಹಿಡಿದು, ಮಾಲ್ಡೀವ್ಸ್, ಸೇಷೆಲ್ಸ್ ದಾಟಿ, ಸಮುದ್ರದ ಮೇಲೆಯೇ ಪೂರ್ವ ಆಫ್ರಿಕಾ ಸೇರುತ್ತವೆ. ಆಫ್ರಿಕಾಕ್ಕೆ ಹೊರಟವನ್ನು ‘ಸ್ವಲ್ಪ ನಿಲ್ಲು’ ಅಂದರೆ ನಿಂತಾವೆ? ಅವತ್ತಿನ ಚಿತ್ರದಲ್ಲಿರುವುದು ನಗುತ್ತಿರುವ ಹುಡುಗರು. ವಿಕೆಟ್ ಕೀಪರಿಗೆ ಮುಂದಿನ ಹಲ್ಲೆರಡು ಇಲ್ಲ.

ದಿನಕ್ಕೊಂದು ತೆಗೆಯದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ ಅನ್ನಬಹುದಾದದ್ದು ಒಂದೇ ಒಂದು. ನಮ್ಮ ಅಡುಗೆಮನೆಗೆ ದಕ್ಷಿಣಕ್ಕೆ ಕಿಟಕಿ. ಮೈಸೂರು ಇರುವ ಅಕ್ಷಾಂಶದಲ್ಲಿ ಆಗಸ್ಟಿನ ಕೊನೆಯ ಭಾಗದಿಂದ ಏಪ್ರಿಲಿನವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕಿರುತ್ತಾನೆ. ಸೆಪ್ಟೆಂಬರಿನ ವಿಷುವದ ಹೊತ್ತಿಗೆ ಸುಮಾರು 78 ಡಿಗ್ರಿ ಎತ್ತರದಲ್ಲಿರುವವನು ಡಿಸೆಂಬರಿನ ಕೊನೆಗೆ 54ಕ್ಕೆ ಇಳಿಯುತ್ತಾನೆ. ಇದೆಲ್ಲ ಲೆಕ್ಕ ಮಗಳ ಗಂಡ ಹೇಳಿದ್ದು. ನಾನು ಕಂಡದ್ದು ಇಷ್ಟು: ನವರಾತ್ರಿಯಲ್ಲಿ ಕಿಟಕಿಯ ಬುಡದಲ್ಲಿ ಒಂದು ಗೀರಿನಷ್ಟಿದ್ದ ಬಿಸಿಲು, ದೀಪಾವಳಿಯ ಹೊತ್ತಿಗೆ ನೆಲದ ಮೇಲೆ ಕಾಲು ಚಾಚಿತ್ತು, ತುಳಸಿ ಹಬ್ಬಕ್ಕೆ ಅಕ್ಕಿ ಡಬ್ಬ ಮುಟ್ಟಿತು. ಇಪ್ಪತ್ತೆಂಟು ವರ್ಷ ಅದೇ ಅಡುಗೆಮನೆಯಲ್ಲಿ ಅದೇ ಹೊತ್ತಿಗೆ ನಿಂತು ಹುಳಿ ಕುದಿಸಿದ್ದೇನೆ. ಬಿಸಿಲು ಅಕ್ಕಿ ಡಬ್ಬದವರೆಗೆ ನಡೆದು ಬರುತ್ತದೆಂದು ಗೊತ್ತಿರಲಿಲ್ಲ. ಅವತ್ತಿನಿಂದ ಡಬ್ಬ ಸರಿಸಿಲ್ಲ, ಎಲ್ಲಿಗೆ ನಿಲ್ಲುತ್ತದೆ ನೋಡೋಣ ಎಂದು.

ಮಗಳ ಎಲೆಗಳು ನವೆಂಬರಿನ ಹೊತ್ತಿಗೆ ಮುಗಿದವು. ಮರಗಳು ಬರಿದು, ಅವಳ ಚಿತ್ರಗಳೂ ನಿಂತವು. ನಮ್ಮಲ್ಲಿ ಆಗಲೇ ತಳ್ಳುಗಾಡಿಯಲ್ಲಿ ಬೇಯಿಸಿದ ಕಡಲೆಕಾಯಿ ಬಂದಿತ್ತು, ಅವರೆಕಾಯಿಯ ಸೊಗಡು ಬೀದಿಯ ತುದಿಯಲ್ಲಿತ್ತು, ರಾತ್ರಿ ಗೇಟಿನ ಬಳಿ ಆಕಾಶಮಲ್ಲಿಗೆ ಉದುರುತ್ತಿತ್ತು. ಅದರ ವಾಸನೆ ಯಾವ ಫೋನಿನಲ್ಲೂ ಬರುವುದಿಲ್ಲ, ಬಿಡಿ. ಕಾರ್ತಿಕದ ಕೊನೆಯ ಸೋಮವಾರ ಬೆಂಗಳೂರಿನಲ್ಲಿ ತಮ್ಮನ ಮನೆಗೆ ಹೋದವಳು ಬಸವನಗುಡಿಯ ಕಡಲೆಕಾಯಿ ಪರಿಷೆಗೂ ಹೋದೆ. ಗುಡ್ಡೆಗುಡ್ಡೆ ಕಡಲೆಕಾಯಿ, ಅದರ ಎರಡು ಪಟ್ಟು ಸೆಲ್ಫಿ. ನಾನು ತೆಗೆದದ್ದು ತಮ್ಮನ ಅಂಗಿಯ ಜೇಬು. ತಿಂದ ಸಿಪ್ಪೆಯನ್ನೆಲ್ಲ ರಸ್ತೆಗೆ ಹಾಕದೆ ಅದರಲ್ಲೇ ತುಂಬಿಕೊಂಡಿದ್ದ. ಐವತ್ತೆಂಟು ವರ್ಷದ ಹಿಂದೆ ಅಮ್ಮ ಹೇಳಿಕೊಟ್ಟ ಬುದ್ಧಿ ಇನ್ನೂ ಜೇಬಿನಲ್ಲಿದೆ.

ಈಚೆಗೆ ಒಂದು ಬೆಳಿಗ್ಗೆ ಫೋನು ತಾನೇ ಒಂದು ಸಿನಿಮಾ ಕಟ್ಟಿಕೊಟ್ಟಿತು. ‘ನಿಮ್ಮ ಸವಿನೆನಪುಗಳು’ ಎಂದು ಹೆಸರು. ಪಿಟೀಲಿನ ಇಂಪಾದ ಸಂಗೀತ ಶುರುವಾಗಿ ನಿಧಾನವಾಗಿ ತೇಲಿ ಬಂತು: ಗ್ಯಾಸ್ ಸಿಲಿಂಡರ್. ಅದು ಮಂಜಾಗಿ ಕರಗಿ, ಚರಂಡಿ. ಆಮೇಲೆ ಹಿತ್ತಲ ನಲ್ಲಿ, ಜಲ್ಲಿಯ ಮೇಲಿನ ನಾಯಿ, ಒಡೆದ ಕುಂಬಳಕಾಯಿ, ಅಕ್ಕಿ ಡಬ್ಬ. ಸಂಗೀತ ಏರಿದ ಕಡೆ ತಮ್ಮನ ಜೇಬು. ನಮ್ಮ ಮನೆಯವರು ಮೂರು ಸಲ ನೋಡಿದರು. ತಾವು ಪೇಪರ್ ಓದುವ ಚಿತ್ರವನ್ನು ಫೋನು ಬಿಟ್ಟಿದೆಯೆಂದು ಅದರ ಅಭಿರುಚಿಯ ಬಗ್ಗೆ ಬೇಸರ ವ್ಯಕ್ತಪಡಿಸಿದರು.

ನೀವೂ ಶುರು ಮಾಡುವುದಾದರೆ ಅಡುಗೆಮನೆಯಿಂದಲೇ ಶುರು ಮಾಡಿ, ಇವತ್ತೇ, ಸಿಂಕಿನಲ್ಲಿ ಪಾತ್ರೆ ಇರುವಾಗಲೇ. ದಿನಾ ಆಗದಿದ್ದರೆ ವಾರಕ್ಕೊಂದಾದರೂ ಇರಲಿ. ಆದರೆ ಫೋನಿನಲ್ಲೇ ಬಿಡಬೇಡಿ, ಫೋನು ನಾಲ್ಕು ವರ್ಷ ಬಾಳಿದರೆ ಹೆಚ್ಚು. ತಿಂಗಳಿಗೆ ಒಂದೆರಡನ್ನು ಆರಿಸಿ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ, ಆಲ್ಬಮ್ಮಿಗೆ ಅಂಟಿಸಿ. ಚಿತ್ರದ ಬೆನ್ನ ಮೇಲೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆಯಬೇಡಿ, ಅಕ್ಷರ ಮುಂದಕ್ಕೆ ಮೂಡುತ್ತದೆ. ಕೆಳಗಿನ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದರೆ ಸಾಕು: ಯಾರು, ಎಲ್ಲಿ, ಯಾವ ವರ್ಷ. ಹೆಗಲ ಮೇಲೆ ಕೈಯಿದ್ದರೆ ಅದು ಯಾರದೆಂದೂ ಬರೆದಿಡಿ.